ಕೊಟ್ರಮ್ಮ ತಿಕ್ಕಿ ತೊಳೆದ ಚಿಪ್

ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮದುವೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿಗಳಿಗೆ ಬರವಿಲ್ಲ. ಆದರೂ ಹೊನ್ನಾಳಿಯಿಂದಲೋ ನ್ಯಾಮತಿಯಿಂದಲೋ ಹಂಡೆ, ಕೊಳಗ ಒಯ್ಯಲು ಬಂದವರು ಆಟೋ ಇಳಿದ ಕೂಡಲೇ ಕೇಳುವುದು ಕೊಟ್ರಮ್ಮನ ಅಂಗಡಿ ಎಲ್ಲಿ ಅಂತಲೇ. ಬೋರ್ಡಿನ ಮೇಲಿರುವ ಹೆಸರು ಮಾತ್ರ ಅವಳ ಗಂಡ ವಿರೂಪಾಕ್ಷಪ್ಪನದು. ಅವನಿಗೆ ಅದರಿಂದ ಬೇಜಾರೇನೂ ಇಲ್ಲ. ಲಗೇಜ್ ಆಟೋದಲ್ಲಿ ಪಾತ್ರೆ ಹೇರಿಕೊಂಡು ಊರೂರು ತಿರುಗಿ, ಹೋದ ಕಡೆ ಹೋಳಿಗೆ ಊಟ ಮುಗಿಸಿ ಬರುವ ಗಂಡಸಿಗೆ ಬೋರ್ಡಿನ ಚಿಂತೆ ಯಾಕೆ?

ಕೊಟ್ರಮ್ಮ ಹುಟ್ಟಿದ್ದು ಜಗಳೂರು ಸೀಮೆಯ ಒಂದು ಹಳ್ಳಿಯಲ್ಲಿ. ಅಲ್ಲಿ ನೀರನ್ನು ತುಪ್ಪ ಬಡಿಸಿದಂತೆ ಬಳಸಬೇಕು. ಒಂದು ಬಿಂದಿಗೆ ನೀರಿನಲ್ಲಿ ಅಡುಗೆಮನೆಯ ಪಾತ್ರೆಯನ್ನೆಲ್ಲ ಬೆಳಗಿ ಮುಗಿಸುವುದನ್ನು ಅವಳು ಲಂಗ ಉಡುವ ವಯಸ್ಸಿನಲ್ಲೇ ತಾಯಿ ಕಲಿಸಿದ್ದಳು. ಹುಣಸೆಹಣ್ಣು ಸವರು, ಸಣ್ಣ ಬೂದಿಯಲ್ಲಿ ತಿಕ್ಕು, ಬೊಗಸೆ ನೀರು ಹಾಕು, ಒಣಬಟ್ಟೆಯಲ್ಲಿ ತಕ್ಷಣ ಒರೆಸು. ಆ ‘ತಕ್ಷಣ’ದಲ್ಲೇ ಎಲ್ಲ ಇರುವುದು. ತೊಳೆದ ತಾಮ್ರವನ್ನು ಹಸಿಯಾಗಿ ಬಿಟ್ಟು ಹರಟೆ ಹೊಡೆಯಲು ಕೂತರೆ ಸಂಜೆಯ ಹೊತ್ತಿಗೆ ಅದು ಮೊದಲಿಗಿಂತ ಕಪ್ಪಗೆ ಮುಖ ಊದಿಸಿಕೊಂಡಿರುತ್ತದೆ.

ಚನ್ನಗಿರಿಗೆ ಸೊಸೆಯಾಗಿ ಬಂದಾಗ ಮಾವನದು ಶಾಮಿಯಾನದ ವ್ಯಾಪಾರ. ಪಕ್ಕದ ಮನೆಯ ಮದುವೆಗೆ ಹಂಡೆ ಸಾಲದೆ ಹೋದಾಗ ಕೊಟ್ರಮ್ಮ ತವರಿನವರು ಕೊಟ್ಟಿದ್ದ ತಾಮ್ರದ ಹಂಡೆಯನ್ನು ಎತ್ತಿ ಕೊಟ್ಟಳು. ಅದು ಮೈತುಂಬ ಮಸಿ ಮೆತ್ತಿಕೊಂಡು ವಾಪಸು ಬಂತು. ಮಾರನೆಯ ದಿನ ಅದನ್ನು ತಿಕ್ಕಿ ಬಿಸಿಲಿಗೆ ಇಟ್ಟಾಗ ಬೀದಿಯಲ್ಲಿ ಹೋಗುತ್ತಿದ್ದ ಅಡುಗೆಯವನೊಬ್ಬ ನಿಂತು ನೋಡಿ, ಇದನ್ನು ನಮ್ಮ ಮುಂದಿನ ಮದುವೆಗೂ ಕೊಡುತ್ತೀರಾ ಎಂದು ಕೇಳಿದ. ವ್ಯಾಪಾರ ಶುರುವಾದದ್ದು ಹೀಗೆ. ನಡುವೆ ಸ್ಟೀಲು, ಅಲ್ಯೂಮಿನಿಯಂ ಬಂದು ತಾಮ್ರ ಹಿತ್ತಾಳೆಗಳು ಅಟ್ಟ ಸೇರಿದ್ದೂ ಉಂಟು. ಈಗ ಮತ್ತೆ ಕಾಲ ತಿರುಗಿದೆ. ಅನ್ನ ಬೇಯುವುದು ಸ್ಟೀಲಿನಲ್ಲಿ, ಫೋಟೋ ತೆಗೆಸಿಕೊಳ್ಳುವುದು ತಾಮ್ರ.

ಕೊಟ್ರಮ್ಮನ ಅಂಗಡಿಗೆ ಎರಡು ಕಟ್ಟಳೆಗಳಿವೆ. ಪಾತ್ರೆ ಕೊಡುವಾಗ ಅವಳು “ನೋಡ್ಕೊಂಡು ತಗೊಳ್ರಿ” ಅನ್ನುತ್ತಾಳೆ. ಅಂದರೆ ಗಿರಾಕಿ ಅವಳೆದುರಿಗೇ ಪ್ರತಿಯೊಂದನ್ನೂ ತಿರುಗಿಸಿ, ಬಡಿದು ನೋಡಬೇಕು. ಅವಸರ ಐತೆ, ನಿಮ್ಮ ಮೇಲೆ ನಂಬಿಕೆ ಐತೆ ಅಂತೆಲ್ಲ ಬೆಣ್ಣೆ ಹಚ್ಚಿದರೆ ಪಾತ್ರೆ ಹೊಸ್ತಿಲು ದಾಟುವುದಿಲ್ಲ. ವಾಪಸು ತರುವಾಗ ಇನ್ನೊಂದು: “ಸೊಟ್ಟ ಆಗಿದ್ರೆ ಹೇಳಿ ಕೊಡ್ರಿ, ಮುಚ್ಚಿ ಕೊಡಬ್ಯಾಡ್ರಿ.” ಸೊಟ್ಟ ಮಾಡಿದ್ದಕ್ಕೆ ಅವಳು ಯಾರನ್ನೂ ಬೈದವಳಲ್ಲ. ಮುಚ್ಚಿದವರನ್ನು ಬಿಟ್ಟವಳೂ ಅಲ್ಲ. ಬಸವಾಪಟ್ಟಣದ ಕಡೆಯವರೊಬ್ಬರು ಕೊಳಗದ ಬುಡದ ತೂತಿಗೆ ಬಟ್ಟೆ ಸೋಪು ಮೆತ್ತಿ ಕೊಟ್ಟುಹೋಗಿದ್ದರು. ಮುಂದಿನ ಮದುವೆ ಕತ್ತಲಗೆರೆಯಲ್ಲಿ. ಅಲ್ಲಿ ಪಾಯಸದ ಮೇಲೆ ನೊರೆ ಬಂದು ಬೀಗರ ಮುಂದೆ ಮರ್ಯಾದೆ ಹೋಯಿತು. ಅಂದಿನಿಂದ ಕೊಟ್ರಮ್ಮ ಬಂದ ಪಾತ್ರೆಯನ್ನು ಬೆರಳ ಗೆಣ್ಣಿನಿಂದ ಬಡಿಯದೆ ಒಳಗಿಡುವುದಿಲ್ಲ. ಗಟ್ಟಿ ಪಾತ್ರೆ ಠಣ್ ಎಂದು ಎಷ್ಟೋ ಹೊತ್ತು ಗುಂಯ್‌ಗುಡುತ್ತದೆ. ಏಟು ತಿಂದದ್ದು ಡಬ್ ಎಂದು ಅಲ್ಲೇ ಸುಮ್ಮನಾಗುತ್ತದೆ.

ಒಬ್ಬಳೇ ಮಗಳು ರೂಪಶ್ರೀ ಈ ಪಾತ್ರೆಗಳ ನಡುವೆ ಓಡಾಡಿಕೊಂಡೇ ಬೆಳೆದವಳು. ಭೌತಶಾಸ್ತ್ರ ಓದಿ, ಈಗ ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ಏನು ಸಂಶೋಧನೆ ಅಂತ ಬೀದಿಯವರು ಕೇಳಿದರೆ ಕೊಟ್ರಮ್ಮ “ಲ್ಯಾಬಿನಾಗೆ ಕೆಲಸ” ಎಂದು ಹೇಳಿ ಮಾತು ತಿರುಗಿಸುತ್ತಿದ್ದಳು. ಮಗಳು ಹೇಳಲಿಲ್ಲ ಅಂತಲ್ಲ, ಇವಳು ಕೇಳಲು ಹೆದರಿದಳು. ಕೇಳಿ, ಅರ್ಥವಾಗದೆ, ಮಗಳ ಮುಖದಲ್ಲಿ ‘ನಿನಗೆ ತಿಳಿಯಲ್ಲ ಬಿಡು’ ಅನ್ನುವುದು ಕಂಡುಬಿಟ್ಟರೆ? ಹಾಗಾಗಿ ಫೋನಿನ ಮಾತು ವರ್ಷದಿಂದ ವರ್ಷಕ್ಕೆ ಸಣ್ಣದಾಗಿ, ಉಂಡೆಯಾ, ಮಳೆ ಬಂತಾ, ಯಾವಾಗ ಬರ್ತೀ ಎನ್ನುವಲ್ಲಿಗೆ ಬಂದು ನಿಂತಿತ್ತು. ಮಗಳನ್ನು ಓದಿಸಿದ್ದಕ್ಕೆ ಹೆಮ್ಮೆ, ಓದಿದ ಮಗಳು ದೂರವಾದದ್ದಕ್ಕೆ ಸಂಕಟ. ಎರಡೂ ಒಂದೇ ಎದೆಯಲ್ಲಿದ್ದವು.

ಕಾರ್ತಿಕದ ಒಂದು ಶನಿವಾರ ರೂಪಶ್ರೀ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಮನೆಗೆ ಬಂದಳು. ಕೈಯಲ್ಲಿ ಕುಂಕುಮದ ಭರಣಿಯಷ್ಟೇ ಇರುವ ಪ್ಲಾಸ್ಟಿಕ್ ಡಬ್ಬಿ. ಸಂಜೆ ಹಿತ್ತಿಲಲ್ಲಿ ಕೊಟ್ರಮ್ಮ ಪಾತ್ರೆ ಬೆಳಗುತ್ತಿದ್ದಾಗ ಮಗಳು ಬಂದು ಬೋರಲು ಹಾಕಿದ್ದ ಹಂಡೆಯ ಮೇಲೆ ಕೂತಳು, ಚಿಕ್ಕಂದಿನಲ್ಲಿ ಕೂರುತ್ತಿದ್ದ ಹಾಗೆಯೇ.

“ಏನೇ ಅದು, ಆಗಿನಿಂದ ಕೈಯಾಗೇ ಹಿಡ್ಕೊಂಡಿದೀ?” ಎಂದಳು ಕೊಟ್ರಮ್ಮ, ಉತ್ತರದ ಆಸೆ ಇಲ್ಲದೆ.

ಅವತ್ತು ಮಗಳಿಗೆ ಏನನ್ನಿಸಿತೋ. “ಅವ್ವ, ಆ ಕೊಳಗ ಬಡಿ” ಎಂದಳು. ಕೊಟ್ರಮ್ಮ ಬಡಿದಳು. ಅದು ಗುಂಯ್ ಎನ್ನುತ್ತಲೇ ಇತ್ತು.

“ನಮ್ಮ ಕೆಲಸಾನೂ ಅದೇ” ಎಂದಳು ರೂಪಶ್ರೀ. “ಇದರಾಗೆ ಉಗುರಿನಷ್ಟು ಒಂದು ಚಿಪ್ ಐತೆ. ಅದರ ಮೇಲೆ ಲೋಹದ ಸಣ್ಣ ಸಣ್ಣ ಗೆರೆ ಅದಾವೆ. ಹಿಮಕ್ಕಿಂತ ಎಷ್ಟೋ ಪಾಲು ತಣ್ಣಗೆ ಮಾಡಿದ್ರೆ ಆ ಗೆರೆಯಾಗೆ ಕರೆಂಟು ಯಾವ ತಡೇನೂ ಇಲ್ದಂಗೆ ಓಡಾಡ್ತೈತೆ. ಒಂದು ಸಣ್ಣ ಪೆಟ್ಟು ಕೊಟ್ಟು ಬಿಡ್ತೀವಿ. ಅದು ಒಳಗೇ ಗುಂಯ್‌ಗುಡ್ತಾ ಇರಬೇಕು. ಗುಂಯ್ ಇರೋ ತನಕ ಮಾತ್ರ ಅದರಿಂದ ಲೆಕ್ಕ ಮಾಡಿಸಾಕೆ ಆಗ್ತೈತೆ. ಹೊಸ ಥರದ ಕಂಪ್ಯೂಟರು ಅವ್ವ, ಕ್ವಾಂಟಂ ಅಂತಾರೆ.”

“ಈಗ ಗುಂಯ್ ಅನ್ನಲ್ವೇನು?”

“ಅಂತೈತೆ, ಬೇಗ ಸತ್ತುಹೋಗ್ತೈತೆ. ಶಕ್ತಿ ಸೋರಿಹೋಗ್ತೈತೆ.”

“ತೂತು ಐತೇನು?”

ಮಗಳು ನಕ್ಕಳು. ಆದರೆ ಕೊಟ್ರಮ್ಮ ಹೆದರಿದ್ದ ಆ ನಗು ಅದಾಗಿರಲಿಲ್ಲ. “ತೂತಲ್ಲ. ಗಾಳಿ ತಾಗಿದ ಕೂಡಲೇ ಲೋಹದ ಮೇಲೆ ಒಂದು ಪೊರೆ ಕಟ್ತೈತೆ. ಕಣ್ಣಿಗೆ ಕಾಣಲ್ಲ. ನಿನ್ನ ತಾಮ್ರ ಕಪ್ಪಾಗ್ತೈತಲ್ಲ, ಅಂಥದೇ. ಆ ಪೊರೆ ಕೂತ್ಕೊಂಡು ಶಕ್ತಿನೆಲ್ಲ ಕುಡಿದುಬಿಡ್ತೈತೆ. ಅದನ್ನ ನಿವಾರಿಸಾಕೆ ಅಂತ್ಲೇ ನಾಲ್ಕು ವರ್ಷ ಆಯ್ತು ನಾವು ಹೆಣಗೋದು. ಈ ಸಲ ಏನು ಮಾಡಿದೀವಿ ಅಂದ್ರೆ...”

ಅಷ್ಟರಲ್ಲಿ ಮುಂದಿನ ಬಾಗಿಲಲ್ಲಿ ನಾಮಕರಣಕ್ಕೆ ಪಾತ್ರೆ ಬೇಕೆಂದು ಬಂದವರು ಕೂಗಿದರು. ಕೊಟ್ರಮ್ಮ ಕೈ ತೊಳೆದುಕೊಂಡು ಹೋದಳು. ಅವರು ಸೌಟಿನಿಂದ ಹಿಡಿದು ಒಂದೊಂದನ್ನೂ ತಿರುಗಿಸಿ ನೋಡಿ ಹೊರಡುವಷ್ಟರಲ್ಲಿ ವಿರೂಪಾಕ್ಷಪ್ಪ ಬಂದಿದ್ದ, ಊಟಕ್ಕೆ ಹೊತ್ತಾಗಿತ್ತು, ಮಾತು ಅರ್ಧಕ್ಕೇ ನಿಂತಿತು. ಆದರೆ ಆ ಅರ್ಧ ಮಾತು ಕೊಟ್ರಮ್ಮನಿಗೆ ಹಬ್ಬದಂತೆ ಇತ್ತು. ಮಗಳು ಹೇಳಿದ್ದು ಅವಳಿಗೆ ಅರ್ಥವಾಗಿತ್ತು. ಇಷ್ಟು ವರ್ಷ ಸುಮ್ಮನೆ ಹೆದರಿದೆನಲ್ಲ ಅಂದುಕೊಂಡಳು.

ಡಬ್ಬಿಯನ್ನು ರೂಪಶ್ರೀ ಪಾತ್ರೆ ಕೋಣೆಯ ಮೇಲಿನ ಹಲಗೆಯ ಮೇಲೆ ಇಟ್ಟಳು. “ಇದನ್ನ ಯಾರೂ ಮುಟ್ಟಬ್ಯಾಡ್ರಿ. ತಣ್ಣಗೆ ಮಾಡೋ ದೊಡ್ಡ ಫ್ರಿಜ್ಜು ಇರೋದು ಬೆಂಗಳೂರಿನಾಗೆ. ಅದರಾಗೆ ಇಡಾಕೆ ಸೋಮವಾರ ನಮ್ಮ ಸರದಿ. ಈ ಸಲ ತಪ್ಪಿದ್ರೆ ಮತ್ತೆ ಬೇಸಿಗೆಗೇ” ಎಂದಳು. ಯಾರೂ ಎಂದರೆ ಬೇರೆಯವರು. ಮನೆಯ ಯಜಮಾನಿ ಆ ‘ಯಾರೂ’ದಲ್ಲಿ ಬರುತ್ತಾಳೆಂದು ಯಾವ ತಾಯಿ ತಾನೇ ಅಂದುಕೊಳ್ಳುತ್ತಾಳೆ?

ಭಾನುವಾರ ಮಗಳು ಬಾಣಂತಿ ಗೆಳತಿಯನ್ನು ನೋಡಲು ಕೆರೆಬಿಳಚಿಗೆ ಹೋದಳು. ಕೊಟ್ರಮ್ಮ ಪಾತ್ರೆ ಕೋಣೆಯಲ್ಲಿ ಕಸ ಗುಡಿಸುತ್ತಾ ಹಲಗೆಯನ್ನು ನೋಡಿದಳು. ನಾಲ್ಕು ವರ್ಷ. ಪಾಪ, ಎಷ್ಟು ಬಡವಾಗಿದೆ ಹುಡುಗಿ. ಲೋಹದ ಮೇಲೆ ಪೊರೆ ಕಟ್ಟುವುದಂತೆ, ಬಿಡಿಸಲು ಆಗುವುದಿಲ್ಲವಂತೆ. ಲೋಹದ ಮೇಲಿನ ಪೊರೆ ಬಿಡಿಸುವುದಕ್ಕೇ ಅಲ್ಲವೇ ತಾನು ಇಷ್ಟು ಕಾಲ ಕೈ ಸವೆಸಿರುವುದು? ಅವಳು ಸ್ಟೂಲು ಹಾಕಿಕೊಂಡು ಡಬ್ಬಿ ಇಳಿಸಿದಳು.

ಒಳಗೆ ಅಂಟಂಟಾದ ಹಾಸಿನ ಮೇಲೆ ಕನ್ನಡಿಯ ಚೂರಿನಂಥದ್ದು ಕೂತಿತ್ತು. ಕಣ್ಣಿಗೆ ಕೊಳೆ ಕಾಣಲಿಲ್ಲ. ಕಾಣುವುದಿಲ್ಲ ಎಂದು ಮಗಳೇ ಹೇಳಿದ್ದಳಲ್ಲ. ಕೊಟ್ರಮ್ಮ ಬೀಜ ನಾರು ತೆಗೆದ ಹುಣಸೆಹಣ್ಣನ್ನು ಕಿವುಚಿ, ಭತ್ತದ ಹೊಟ್ಟಿನ ಬೂದಿಯನ್ನು ಹಳೆಯ ಸೀರೆಯ ಬಟ್ಟೆಯಲ್ಲಿ ಸೋಸಿ, ಅದರ ಒಂದು ಚಿಟಿಕೆ ತೆಗೆದುಕೊಂಡಳು. ಕುಂಕುಮ ಹಚ್ಚುವ ಬೆರಳಿನಿಂದ, ಉಸಿರು ಬಿಗಿಹಿಡಿದು, ಮೆಲ್ಲಗೆ ತಿಕ್ಕಿದಳು. ಒಂದೆರಡು ಹನಿ ನೀರು. ತಕ್ಷಣ ಒಣಬಟ್ಟೆ. ಬಿಳಿಯ ಬಟ್ಟೆಯ ಮೇಲೆ ತೆಳ್ಳಗೆ ಬೂದುಬಣ್ಣದ ಗುರುತು ಬಿತ್ತು. ನೋಡು, ಹೆಂಗೆ ಬಿಟ್ಟಿತು ಕೊಳೆ, ಅಂದುಕೊಂಡಳು. ಚಿಪ್ಪನ್ನು ಇದ್ದ ಹಾಗೆಯೇ ಕೂರಿಸಿ ಡಬ್ಬಿಯನ್ನು ಹಲಗೆಗೆ ಏರಿಸಿದಳು. ಮಗಳಿಗೆ ಹೇಳಲಿಲ್ಲ. ಅದು ಗುಂಯ್ ಅಂದ ಮೇಲೆ ಹೇಳಿದರೆ ಇನ್ನೂ ಚೆನ್ನ ಅಂತ ಒಳಗೊಳಗೇ ಹಿಗ್ಗುತ್ತಿದ್ದಳು.

ಸೋಮವಾರ ಬೆಳಗ್ಗೆ ಬಸ್ ಸ್ಟ್ಯಾಂಡಿಗೆ ಅವಳೇ ಹೋಗಿ ಮಗಳನ್ನು ಹತ್ತಿಸಿದಳು. ಕಂಡಕ್ಟರ್ ಇನ್ನೂ ಟೀ ಕುಡಿಯುತ್ತಿದ್ದ. ಕಿಟಕಿಯ ಹತ್ತಿರ ಕೂತ ರೂಪಶ್ರೀ ತಲೆ ಹೊರಗೆ ಹಾಕಿ, “ಅವ್ವ, ಮೊನ್ನೆ ಪೂರ್ತಿ ಹೇಳಲಿಲ್ಲ ನೋಡು” ಎಂದಳು. “ಈ ಸಲ ನಾವು ಪೊರೆ ಬಿಡಿಸಾಕೆ ಹೋಗಿಲ್ಲ. ಬಿಡಿಸಿದ್ರೂ ಗಾಳಿಗೆ ಬಂದ ಕೂಡ್ಲೇ ಮತ್ತೆ ಕಟ್ತೈತಲ್ಲ. ಅದಕ್ಕೇ ಗಾಳಿ ತಾಗೋ ಮುಂಚೇನೇ ಅದರ ಮೇಲೆ ಇನ್ನೊಂದು ಲೋಹದ ತೆಳು ಪದರ ಕೂರಿಸಿಬಿಟ್ಟಿದೀವಿ. ಕೆಳಗೆ ನಯೋಬಿಯಂ, ಮೇಲೆ ಟ್ಯಾಂಟಲಂ. ಟ್ಯಾಂಟಲಂಗೂ ಪೊರೆ ಬರ್ತೈತೆ, ಆದ್ರೆ ಅದು ಅಷ್ಟು ಶಕ್ತಿ ಕುಡಿಯಲ್ಲ. ನಮ್ಮ ಕೊಳಗಕ್ಕೆ ಒಳಗೆ ಕಲಾಯಿ ಹಾಕಿಸ್ತೀಯಲ್ಲ, ಹಂಗೇ. ನಿನ್ನ ನೆನೆಸ್ಕೊಂಡೇ ನಮ್ಮ ಲ್ಯಾಬಿನ ಸರ್‌ಗೆ ಹೇಳಿದ್ದೆ, ನಮ್ಮವ್ವ ಮಾಡ್ಸೋದೂ ಇದೇನೇ ಅಂತ.”

ಬಸ್ಸು ಹೊರಟಿತು. ಮಗಳು ಕೈ ಬೀಸಿದಳು. ಕೊಟ್ರಮ್ಮನ ಕೈ ಮೇಲೇಳಲಿಲ್ಲ.

ಕಲಾಯಿ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಾಮ್ರದ ಪಾತ್ರೆಯ ಒಳಮೈಗೆ ತವರದ ತೆಳ್ಳನೆಯ ಲೇಪ ಹಾಕಿಸದೆ ಹುಳಿ ಸಾರು ಮಾಡುವಂತಿಲ್ಲ, ಕಿಲುಬು ಇಳಿದು ಅಡುಗೆ ವಿಷವಾಗುತ್ತದೆ. ಕಲಾಯಿ ಹಾಕಿದ ಒಳಮೈಯನ್ನು ಬೂದಿಯಿಂದ ತಿಕ್ಕಬಾರದು, ಬರೀ ಬಟ್ಟೆಯಲ್ಲಿ ಒರೆಸಬೇಕು. ತಿಕ್ಕಿದರೆ ಕಲಾಯಿ ಎದ್ದು ಬಟ್ಟೆಗೆ ಬೂದುಬಣ್ಣದ ಗುರುತು ಬೀಳುತ್ತದೆ. ಮನೆಯಲ್ಲಿ ಕೆಲಸಕ್ಕೆ ಬಂದ ಎಷ್ಟು ಹೆಂಗಸರಿಗೆ ಅವಳು ಆ ಗುರುತನ್ನು ತೋರಿಸಿ ರೇಗಿಲ್ಲ! ನಿನ್ನೆ ಅದೇ ಗುರುತನ್ನು ನೋಡಿ ಹಿಗ್ಗಿದ್ದಳು.

ಮನೆಗೆ ಬಂದು ಬಟ್ಟೆ ಹುಡುಕಿ ನೋಡಿದಳು. ಗುರುತು ಅಲ್ಲೇ ಇತ್ತು. ಫೋನು ಕೈಗೆ ತೆಗೆದುಕೊಂಡಳು, ಇಟ್ಟಳು. ಹೇಳಿದರೆ ಏನಾಗುತ್ತದೆ? ಇಷ್ಟು ವರ್ಷದ ಮೇಲೆ ಮಗಳು ಹಂಡೆಯ ಮೇಲೆ ಕೂತು ಬಾಯಿ ಬಿಟ್ಟು ಮಾತಾಡಿದ್ದಾಳೆ. ಇನ್ನು ಮೇಲೆ ಒಂದು ಮಾತೂ ಹೇಳುವುದಿಲ್ಲ. ಉಂಡೆಯಾ, ಮಳೆ ಬಂತಾ ಎನ್ನುವುದೂ ಉಳಿಯುವುದಿಲ್ಲ. ಇಷ್ಟಕ್ಕೂ ನಾನು ಮೆಲ್ಲಗೆ ತಿಕ್ಕಿದ್ದಲ್ಲವೇ, ಏನೂ ಆಗಿರಲಿಕ್ಕಿಲ್ಲ. ಆಗಿದ್ದರೂ ಯಾರು ಮಾಡಿದರೆಂದು ಯಾರಿಗೆ ಗೊತ್ತಾಗಬೇಕು? ಇಂಥ ಸಮಾಧಾನ ನಮಗೆಲ್ಲ ಬರುವಂಥದ್ದೇ, ಅವಳಿಗೂ ಬಂತು. ವಿರೂಪಾಕ್ಷಪ್ಪ ಆಟೋ ತೆಗೆದುಕೊಂಡು ಹೊನ್ನಾಳಿಗೆ ಹೋಗಿದ್ದ. ಅವನಿದ್ದಿದ್ದರೂ ಹೇಳುತ್ತಿದ್ದಳೋ ಇಲ್ಲವೋ. ಮಧ್ಯಾಹ್ನ ತಟ್ಟೆಗೆ ಹಾಕಿಕೊಂಡ ಅನ್ನ ಹಾಗೆಯೇ ಉಳಿಯಿತು.

ಹೊತ್ತು ಇಳಿಯುವಾಗ ಅಡುಗೆ ಕಂಟ್ರಾಕ್ಟು ಮಾಡುವ ಪಾಪಣ್ಣ ನ್ಯಾಮತಿಯ ಮದುವೆ ಮುಗಿಸಿ ಪಾತ್ರೆ ತಂದ. ಎಂದಿಲ್ಲದ ವಿನಯದಿಂದ ತಾನೇ ಇಳಿಸಿ, ತಾನೇ ಒಂದರೊಳಗೊಂದು ಇಟ್ಟು, “ಎಲ್ಲಾ ಸರಿ ಅದಾವೆ ಅಕ್ಕ, ಬರ್ತೀನಿ” ಎಂದ. ಕೊಟ್ರಮ್ಮ ಒಳಗಿನ ಕೊಳಗವನ್ನು ಎತ್ತಿ ಬಡಿದಳು. ಡಬ್ ಎಂದಿತು. ತಿರುಗಿಸಿದರೆ ಬುಡ ಒಳಗೆ ಹೋಗಿತ್ತು.

“ಎಷ್ಟು ಸಲ ಹೇಳೀನಿ ಪಾಪಣ್ಣ” ಎಂದು ಶುರು ಮಾಡಿದಳು. “ಸೊಟ್ಟ ಆಗಿದ್ರೆ ಹೇಳಿ ಕೊಡ್ರಿ...”

ಮುಂದಿನ ಅರ್ಧ ಬಾಯಿಗೆ ಬರಲಿಲ್ಲ. ಪಾಪಣ್ಣ ಬೈಗುಳಕ್ಕೆ ತಲೆ ತಗ್ಗಿಸಿ ನಿಂತಿದ್ದವನು, ಬೈಗುಳ ಬಾರದ್ದಕ್ಕೆ ತಲೆ ಎತ್ತಿ ನೋಡಿದ. ಅಕ್ಕನ ಕಣ್ಣಲ್ಲಿ ನೀರು. ಒಂದು ಕೊಳಗಕ್ಕೆ ಇಷ್ಟೊಂದಾ ಎಂದು ಅವನು ಗಾಬರಿಯಾಗಿ, “ನಾನೇ ತಟ್ಟಿಸಿ ಸರಿ ಮಾಡಿಸಿ ಕೊಡ್ತೀನಿ ಅಕ್ಕ” ಎನ್ನುತ್ತಿದ್ದಂತೆ ಅವಳು ಅವನನ್ನು ಅಲ್ಲೇ ಬಿಟ್ಟು ಹಿತ್ತಿಲಿಗೆ ಹೋಗಿ ಮಗಳಿಗೆ ಫೋನ್ ಮಾಡಿದಳು.

“ರೂಪಾ, ನಾನು ನಿನ್ನ ಡಬ್ಬಿ ತೆಗೆದಿದ್ದೆ.”

ಒಂದೇ ಉಸಿರಿಗೆ ಮುಂದುವರಿಸಿದಳು.

“ನಿನ್ನೆ ನೀನು ಕೆರೆಬಿಳಚಿಗೆ ಹೋದಾಗ. ಪೊರೆ ಕಟ್ತೈತೆ ಅಂದಿದ್ದೆಯಲ್ಲ, ಅದಕ್ಕೆ ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿದೆ. ಮೇಲೆ ಕಲಾಯಿ ಐತೆ ಅಂತ ನಂಗೆ ಗೊತ್ತಿರಲಿಲ್ಲ. ಗೊತ್ತಿಲ್ದಿದ್ರೂ ಮುಟ್ಟಬಾರದಿತ್ತು. ತಪ್ಪು ನಂದೇ.”

“ಬೂದಿ?” ಎಂದಳು ರೂಪಶ್ರೀ.

“ಸೋಸಿದ್ದೆ ಕಣವ್ವ.”

“ಫ್ರಿಜ್ಜಿಗೆ ಇಡೋ ಮುಂಚೆ ಈಗ ತಾನೇ ಮೈಕ್ರೋಸ್ಕೋಪಿನಾಗೆ ನೋಡ್ದೆ. ಮೇಲಿನ ಪದರ ಎಲ್ಲಾ ಕಡೆ ಗೀರಿ ಎದ್ದುಹೋಗೈತೆ. ಅದು ಕೆಳಗಿನ ಲೋಹಕ್ಕೆ ಹಿಡಿದೇ ಇಲ್ಲ, ಈ ದಾರಿ ಬಿಡೋಣ ಅಂತ ಸರ್‌ಗೆ ಬರೀತಾ ಇದ್ದೆ” ಎಂದಳು. “ಯಾರೂ ಮುಟ್ಟಬ್ಯಾಡ್ರಿ ಅಂದಿದ್ನಲ್ಲ ಅವ್ವ.”

ಫೋನು ಕಟ್ಟಾಯಿತು.

ಫ್ರಿಜ್ಜಿನ ಸರದಿ ಬೇರೆಯವರ ಪಾಲಾಯಿತು. ಈ ಸುದ್ದಿ ಕೊಟ್ರಮ್ಮನಿಗೆ ತಿಳಿದದ್ದು ಗಂಡನಿಂದ, ಏಕೆಂದರೆ ಮಗಳ ಫೋನು ಈಗ ಅಪ್ಪನಿಗೇ ಬರುತ್ತಿತ್ತು. ವಿರೂಪಾಕ್ಷಪ್ಪ ಮಾತು ಮುಗಿಸುವಾಗ “ನಿಮ್ಮವ್ವಂಗೆ ಕೊಡ್ಲಾ?” ಎಂದು ಕೇಳುತ್ತಿದ್ದ. ಕೇಳಿ, ಸುಮ್ಮನೆ ಫೋನು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಹೆಂಡತಿಯನ್ನು ಒಂದು ಮಾತೂ ಅನ್ನಲಿಲ್ಲ ಪುಣ್ಯಾತ್ಮ. ಅಂದಿದ್ದರೆ ಅವಳಿಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ. ಸಂಕ್ರಾಂತಿಗೆ ಮಗಳು ಬರಲಿಲ್ಲ. ಶಿವರಾತ್ರಿಗೂ ಇಲ್ಲ. ಕೊಟ್ರಮ್ಮ ಎಂದಿನಂತೆ ಪಾತ್ರೆ ಕೊಟ್ಟಳು, ತಂದದ್ದನ್ನು ಬಡಿದು ನೋಡಿದಳು. ಯಾರಾದರೂ ಸೊಟ್ಟ ಮಾಡಿ ತಂದರೆ ಮಾತ್ರ ಮೊದಲಿನಂತೆ ರೇಗಲು ಆಗುತ್ತಿರಲಿಲ್ಲ.

ಬಿಸಿಲು ಏರಿ ಮದುವೆಗಳು ಜೋರಾದ ಕಾಲಕ್ಕೆ ರೂಪಶ್ರೀ ಬಂದಳು. ಮತ್ತೆ ಬೆಂಗಳೂರಿಗೆ ಹೋಗುವ ದಾರಿಯಲ್ಲೇ. ಉಂಡಳು, ಮಲಗಿದಳು. ಬೆಳಗ್ಗೆ ಎದ್ದು ನೋಡುತ್ತಾಳೆ, ಅವ್ವ ಪಡಸಾಲೆ ಗುಡಿಸುತ್ತಿದ್ದಾಳೆ. ಮೂಲೆಯಲ್ಲಿ ತನ್ನ ಬ್ಯಾಗು. ಅದನ್ನು ಕೊಟ್ರಮ್ಮ ಎತ್ತಿಡಲಿಲ್ಲ, ಸರಿಸಲೂ ಇಲ್ಲ. ಪೊರಕೆ ತಾಗದ ಹಾಗೆ ಅದರ ಸುತ್ತ ಅಷ್ಟು ಜಾಗವನ್ನು ಧೂಳಿನ ಸಮೇತ ಹಾಗೆಯೇ ಬಿಟ್ಟು ಗುಡಿಸಿಕೊಂಡು ಹೋದಳು. ಇಡೀ ಬೀದಿಯಲ್ಲಿ ಕಸ ಉಳಿಸಿದ್ದಕ್ಕೆ ಬೇರೆಯವರನ್ನು ಬೈಯುವ ಹೆಂಗಸು.

ರೂಪಶ್ರೀ ಬಂದು ಬ್ಯಾಗನ್ನು ತಾನೇ ಎತ್ತಿ ಪಕ್ಕಕ್ಕಿಟ್ಟಳು.

“ಅವ್ವ, ಇಲ್ಲಿ ಕೂತ್ಕೊ” ಎಂದಳು. “ನಂಗೆ ಸಿಟ್ಟು ಪೂರ್ತಿ ಹೋಗಿಲ್ಲ. ಹೋಗೈತೆ ಅಂತ ಸುಳ್ಳು ಹೇಳಲ್ಲ. ಆದ್ರೆ ಇನ್ನೊಂದು ಮಾತು ನಿಂಗೆ ಹೇಳಬೇಕಿತ್ತು, ಹೇಳದೆ ಉಳಿಸ್ಕೊಂಡಿದ್ದೆ. ಅವತ್ತು ನೀನು ಫೋನ್ ಮಾಡಿರಲಿಲ್ಲ ಅಂದ್ರೆ ಕಲಾಯಿ ಹಿಡಿಯಲ್ಲ ಅಂತ ನಾವು ಈ ಕೆಲಸಾನೇ ಬಿಟ್ಟುಬಿಡ್ತಿದ್ವಿ. ನೀನು ಹೇಳಿದ್ದಕ್ಕೇ ಮತ್ತೆ ಅದೇ ಥರ ಇನ್ನೊಂದು ಮಾಡಿದ್ವಿ.”

ಕೊಟ್ರಮ್ಮ ಪೊರಕೆ ಹಿಡಿದೇ ಕೂತಿದ್ದಳು. “ಈ ಸಲ ಗುಂಯ್ ಅಂತೈತೇನು?” ಎಂದಳು.

“ಗೊತ್ತಿಲ್ಲ ಅವ್ವ. ಬಡಿದು ನೋಡಬೇಕು.”

ಬಸ್ ಸ್ಟ್ಯಾಂಡಿಗೆ ವಿರೂಪಾಕ್ಷಪ್ಪನ ಲಗೇಜ್ ಆಟೋದಲ್ಲೇ ಹೊರಟರು. ಹಿಂದೆ ಜಗಳೂರಿನ ಮದುವೆಗೆ ಹೋಗಬೇಕಿದ್ದ ಹಂಡೆಗಳು, ಮುಂದೆ ಅಪ್ಪನ ಪಕ್ಕದಲ್ಲಿ ಅವ್ವ ಮಗಳು ಒತ್ತಿಕೊಂಡು. ಹತ್ತುವ ಮುಂಚೆ ರೂಪಶ್ರೀ ಬ್ಯಾಗಿನಿಂದ ಡಬ್ಬಿ ತೆಗೆದು, “ಹಿಂದೆ ಇಟ್ರೆ ಕುಲುಕ್ತೈತೆ. ನೀನು ಹಿಡ್ಕೊ” ಎಂದು ಅವ್ವನ ಕೈಗೆ ಕೊಟ್ಟಳು. ಕೊಟ್ರಮ್ಮ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು, ಮತ್ತೊಮ್ಮೆ ಒರೆಸಿಕೊಂಡಳು. ಆಮೇಲೆ ಎರಡೂ ಅಂಗೈಯಲ್ಲಿ ಡಬ್ಬಿ ಇಟ್ಟುಕೊಂಡು, ಪ್ರತಿ ಗುಂಡಿ ಬಂದಾಗಲೂ ಗಂಡನನ್ನು ಗದರುತ್ತಾ ಕೂತಳು. ಗಂಡ ಪ್ರತಿ ಗದರಿಕೆಗೂ ಇನ್ನಷ್ಟು ಮೆಲ್ಲಗೆ ಓಡಿಸಿದ.

ಬೆಂಗಳೂರು ಬಸ್ಸು ನಿಂತಿತ್ತು. ರೂಪಶ್ರೀ ಇಳಿದು ಕೈ ಚಾಚಿದಳು. ಕೊಟ್ರಮ್ಮ ಡಬ್ಬಿಯನ್ನು ಅವಳ ಅಂಗೈ ಮೇಲಿಟ್ಟಳು. ಆದರೆ ತನ್ನ ಬೆರಳನ್ನು ತೆಗೆಯಲಿಲ್ಲ.

“ಮುಚ್ಚಳ ತೆಗೆದು ನೋಡ್ಕೊಂಡು ತಗೊಳ್ಳವ್ವ” ಎಂದಳು.

ಮಗಳು ಅವ್ವನ ಮುಖ ನೋಡಿದಳು. ಡಬ್ಬಿಯನ್ನು ನೋಡಲಿಲ್ಲ. “ಬ್ಯಾಡ ಬಿಡು” ಎಂದು ಅದನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದು ಬಸ್ಸು ಹತ್ತಿದಳು.  ಕೊಟ್ರಮ್ಮನ ಕೈಯಿಂದ ನೋಡದೆ ಸಾಮಾನು ತೆಗೆದುಕೊಂಡು ಹೋದವರು ಇವತ್ತಿನವರೆಗೂ ಆ ಮಗಳೊಬ್ಬಳೇ.